ಗಂಜಿನ ಕಿರ್ದಿಗೆ ತರಗತಿಯಲ್ಲಿ ಜಾಗ ಕೊಡಿ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ವಾಣಿಜ್ಯಶಾಸ್ತ್ರ ಅಧ್ಯಯನ ಮಂಡಳಿಗಳು,
ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಸರ್ಕಾರಿ ವಿಶ್ವವಿದ್ಯಾಲಯಗಳು.

ಮಾನ್ಯರೇ,

ನಾನು ರಾಯಚೂರಿನವಳು. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ. ಓದಿದೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲೇ 2016ರಲ್ಲಿ ಎಂ.ಕಾಂ. ಮುಗಿಸಿದೆ. ಈಗ ಊರಲ್ಲೇ ಒಂದು ಸಣ್ಣ ಆಫೀಸು ಇಟ್ಟುಕೊಂಡು ಅಂಗಡಿಗಳ, ಜಿನ್ನಿಂಗ್ ಮಿಲ್ಲುಗಳ, ಅಕ್ಕಿ ಗಿರಣಿಗಳ ಲೆಕ್ಕ ಬರೆಯುತ್ತೇನೆ. ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ನಮ್ಮ ಅಪ್ಪ ಇಲ್ಲಿನ ರಾಜೇಂದ್ರ ಗಂಜಿನ, ಅಂದರೆ ಎಪಿಎಂಸಿ ಮಾರುಕಟ್ಟೆಯ, ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಲೆಕ್ಕ ನಮ್ಮ ಮನೆಯ ಅನ್ನ. ಹಾಗಾಗಿ ಈ ಪತ್ರವನ್ನು ಹೊರಗೆ ನಿಂತು ಬರೆಯುತ್ತಿಲ್ಲ. ನಮ್ಮ ಪೇಟೆಯ ನಿಜವಾದ ಲೆಕ್ಕಗಳನ್ನು ಬಿ.ಕಾಂ. ಪಾಠದೊಳಗೆ ತನ್ನಿ ಅಂತ ಕೇಳಲು ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಹತ್ತಿರ ಕೆಲಸ ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ದೇವದುರ್ಗ ತಾಲ್ಲೂಕಿನ ಹಳ್ಳಿಯವಳು. ಬಿ.ಕಾಂ.ನಲ್ಲಿ ನೂರಕ್ಕೆ ಎಂಬತ್ತರ ಮೇಲೆ ಅಂಕ. ಕೇಳಿದ ಜರ್ನಲ್ ಎಂಟ್ರಿಗಳನ್ನೆಲ್ಲ ತಡವರಿಸದೆ ಹೇಳಿದಳು. ನನಗೆ ಖುಷಿಯಾಯಿತು. ಒಂದು ಕಿರಾಣಿ ಅಂಗಡಿಯ ತಿಂಗಳ ಕಾಗದಗಳಿದ್ದ ಚೀಲವನ್ನು ಅವಳ ಮುಂದೆ ಇಟ್ಟೆ. ಖರೀದಿ ಬಿಲ್ಲು, ಲಾರಿ ಬಾಡಿಗೆ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಹಮಾಲಿ ಲೆಕ್ಕ ಬರೆದಿಟ್ಟ ರಟ್ಟಿನ ತುಂಡು, ಎಲ್ಲ ಕಲೆಸಿಹೋಗಿದ್ದವು. ಅರ್ಧ ಗಂಟೆ ಅವಳು ಸುಮ್ಮನೆ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ಇದರಲ್ಲಿ ಪ್ರಾಬ್ಲಮ್ ಎಲ್ಲಿದೆ?"

ನಿಮಗೆ ಅರ್ಥವಾಗಿರುತ್ತದೆ. ನಮ್ಮ ತರಗತಿಗಳಲ್ಲಿ ಪ್ರಾಬ್ಲಮ್ ಅಂದರೆ ಬೋರ್ಡಿನ ಮೇಲೆ ಬರೆಯುವ ಲೆಕ್ಕ. ಅದರಲ್ಲಿ ಬೇಕಾದ ಅಂಕಿಗಳೆಲ್ಲ ಮೊದಲೇ ಇರುತ್ತವೆ. ಬೇಡದ್ದು ಒಂದೂ ಇರುವುದಿಲ್ಲ. ಕೊನೆಗೆ ಎರಡೂ ಕಡೆ ಸಮ ಬರುತ್ತದೆ. ಚೀಲದಲ್ಲಿ ಹಾಗಿಲ್ಲ. ಯಾವ ಚೀಟಿ ಅಂಗಡಿಯದ್ದು, ಯಾವುದು ಸಾಹುಕಾರರ ಮನೆ ಖರ್ಚಿನದ್ದು, ಯಾವುದು ಹೋದ ತಿಂಗಳದ್ದು, ಯಾವ ಬಿಲ್ಲು ಕಳೆದಿದೆ ಅಂತ ಮೊದಲು ಹುಡುಕಬೇಕು. ಲೆಕ್ಕದ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಮೂರು ವರ್ಷ ಓದಿ ಒಳ್ಳೆ ಅಂಕ ತೆಗೆದ ಹುಡುಗಿಗೆ ಒಬ್ಬರೂ ಒಂದು ನಿಜವಾದ ಬಿಲ್ಲನ್ನು ಕೈಯಲ್ಲಿ ಕೊಟ್ಟಿರಲಿಲ್ಲ. ಅವಳ ತಪ್ಪು ಏನೂ ಇಲ್ಲ. ಮೂರು ತಿಂಗಳಲ್ಲಿ ಅವಳು ಎಲ್ಲ ಕಲಿತಳು, ಈಗ ನನ್ನ ಆಫೀಸು ನಡೆಯುವುದೇ ಅವಳಿಂದ. ಆದರೆ ಆ ಅರ್ಧ ಗಂಟೆ ಅವಳ ಮುಖದಲ್ಲಿದ್ದ ಅಂಜಿಕೆ ನನಗೆ ಮರೆಯಲು ಆಗುತ್ತಿಲ್ಲ. ಹತ್ತು ವರ್ಷದ ಹಿಂದೆ ನನ್ನ ಮುಖದಲ್ಲೂ ಅದೇ ಇತ್ತು.

ನನ್ನದನ್ನೂ ಹೇಳುತ್ತೇನೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವಳು. ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಡೆಬಿಟ್, ಕ್ರೆಡಿಟ್ ಅನ್ನುವ ಎರಡು ಪದಗಳೇ ನನ್ನನ್ನು ಕಾಡಿದವು. ಮನೆಯಲ್ಲಿ ಅಪ್ಪನ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ತೆಗೆದು ನೋಡಿದೆ. ಅಲ್ಲಿ ಜಮಾ ಎಡಕ್ಕೆ, ಖರ್ಚು ಬಲಕ್ಕೆ. ನನ್ನ ಪುಸ್ತಕದಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಜಮಾ ಅಂದರೆ ಕ್ರೆಡಿಟ್ ಅಂತ ಯಾರೋ ಹೇಳಿದ್ದರು. ಹಾಗಾದರೆ ಒಂದು ತಪ್ಪಿರಬೇಕು ಅಂದುಕೊಂಡೆ. ಅಪ್ಪನದೇ ತಪ್ಪು ಅಂತ ನಂಬಿದೆ. ಆಗ ಅಪ್ಪ ಹೇಳಿದ್ದು ಇಷ್ಟು: "ರೊಕ್ಕ ಕೊಟ್ಟಾವ್ನ ಹೆಸರಿಗೆ ಜಮಾ, ಒಯ್ದಾವ್ನ ಹೆಸರಿಗೆ ಖರ್ಚು. ಇಷ್ಟೇ ಐತಿ ನೋಡವ್ವ."

ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್ ಅಂತ ನಾವು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದ ಸೂತ್ರ ಅದೇ ಅಲ್ವಾ? ನಮ್ಮ ದೇಶಿ ಪದ್ಧತಿಯ ಖಾತೆಗಳಲ್ಲಿ ಜಮಾ ಎಡಗಡೆ ಬರುತ್ತದೆ, ಇಂಗ್ಲಿಷ್ ಪದ್ಧತಿಯಲ್ಲಿ ಕ್ರೆಡಿಟ್ ಬಲಗಡೆ. ಕಡೆ ಬೇರೆ, ಲೆಕ್ಕ ಒಂದೇ. ಇದನ್ನು ತರಗತಿಯಲ್ಲಿ ಹತ್ತು ನಿಮಿಷ ಹೇಳಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು. ಗಂಜಿನಿಂದ, ಕಿರಾಣಿ ಅಂಗಡಿಗಳಿಂದ ಬಂದ ಎಷ್ಟು ಮಕ್ಕಳು ಆ ಆರು ತಿಂಗಳಲ್ಲೇ ಅಕೌಂಟ್ಸ್ ನಮ್ಮಂಥವರಿಗಲ್ಲ ಅಂತ ಕೈಬಿಟ್ಟರೋ ಅಂತ ಈಗ ಯೋಚಿಸುತ್ತೇನೆ.

ಎರಡನೇ ಸಂಗತಿ ಕನ್‌ಸೈನ್‌ಮೆಂಟ್ ಪಾಠದ್ದು, ಅಂದರೆ ಮಾರಿಕೊಡಲು ಇನ್ನೊಬ್ಬರಿಗೆ ಕಳಿಸಿದ ಮಾಲಿನ ಲೆಕ್ಕ. ಎಲ್ಲೋ ಮುಂಬೈಯ ಎ ಎಂಬುವವನು ಚೆನ್ನೈಯ ಬಿ ಎಂಬುವವನಿಗೆ ನೂರು ಸೈಕಲ್ ಕಳಿಸುತ್ತಾನೆ. ಬಿ ಮಾರುತ್ತಾನೆ, ಕಮಿಷನ್ ಹಿಡಿದುಕೊಳ್ಳುತ್ತಾನೆ, ಅಕೌಂಟ್ ಸೇಲ್ಸ್ ಎನ್ನುವ ಪಟ್ಟಿ ಕಳಿಸುತ್ತಾನೆ. ನಾನು ಅದನ್ನು ಉರು ಹೊಡೆದು ಬರೆದೆ. ಅಂಕವೂ ಬಂತು. ಎ ಯಾರು, ಬಿ ಯಾರು, ಮಾರುವ ಮೊದಲು ಸೈಕಲ್ ಯಾರದ್ದು ಅಂತ ಒಮ್ಮೆಯೂ ತಲೆಗೆ ಹೋಗಲಿಲ್ಲ. ಅದೇ ಹೊತ್ತಿಗೆ ಎರಡು ಮೈಲಿ ಆಚೆ ಅಪ್ಪ ಗಂಜಿನಲ್ಲಿ ಕೂತು ತಕ್ ಪಟ್ಟಿ, ಅಂದರೆ ರೈತನ ಮಾಲು ಎಷ್ಟಕ್ಕೆ ಹೋಯಿತು ಅನ್ನುವ ಲೆಕ್ಕದ ಚೀಟಿ, ಬರೆಯುತ್ತಿದ್ದರು. ರೈತ ಹತ್ತಿ ಅಂಡಿಗೆ ತಂದು ಇಳಿಸುತ್ತಾನೆ. ಹತ್ತಿ ಇನ್ನೂ ರೈತನದ್ದೇ, ಅಂಗಡಿಯದ್ದಲ್ಲ. ಟೆಂಡರ್ ಆಗುತ್ತದೆ, ತೂಕ ಆಗುತ್ತದೆ, ಪಟ್ಟಿ ಆಗುತ್ತದೆ. ಆ ತಕ್ ಪಟ್ಟಿಯೇ ಅಕೌಂಟ್ ಸೇಲ್ಸ್! ಖರೀದಿದಾರ ರೊಕ್ಕ ಕೊಡುವುದು ತಡವಾದರೂ ರೈತನಿಗೆ ಸಾಹುಕಾರರು ಅವತ್ತೇ ಕೊಟ್ಟುಬಿಡುತ್ತಿದ್ದರು. ಉದ್ರಿ ಮುಳುಗಿದರೆ ಅದು ಅಂಗಡಿಯ ನಷ್ಟ. ಪುಸ್ತಕದಲ್ಲಿ ಡೆಲ್ ಕ್ರೆಡೆರೆ ಕಮಿಷನ್ ಅಂತ ಓದಿ ನಾಲಿಗೆ ತಿರುಗದೆ ಒದ್ದಾಡುತ್ತಿದ್ದೆವಲ್ಲ, ಅದರ ಹಿಂದಿರುವ ಮಾತು ಇದೇ. ತೇವ ಆರಿ ಹತ್ತಿ ತೂಕ ಇಳಿದರೆ ಅದು ನಾರ್ಮಲ್ ಲಾಸ್. ಕಟ್ಟೆ ಮೇಲಿದ್ದ ಮಾಲು ಅಕಾಲ ಮಳೆಗೆ ನೆನೆದು ಕೆಟ್ಟರೆ ಅದು ಅಬ್‌ನಾರ್ಮಲ್ ಲಾಸ್. ಇಡೀ ಪಾಠ ಗಂಜಿನ ಕಟ್ಟೆ ಮೇಲಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಪುಸ್ತಕದಲ್ಲಿ ಕಮಿಷನ್ ಮಾಲು ಕಳಿಸಿದವನ ಖರ್ಚು. ನಮ್ಮ ರಾಜ್ಯದ ಎಪಿಎಂಸಿ ನಿಯಮದಲ್ಲಿ ದಲಾಲಿಯನ್ನು ರೈತನಿಂದ ಹಿಡಿಯುವಂತಿಲ್ಲ, ಖರೀದಿದಾರನೇ ಕೊಡಬೇಕು. ಹಾಗಾದರೆ ಎಂಟ್ರಿ ಹೇಗೆ ಬದಲಾಗುತ್ತದೆ? ಬಿಳಿ ಚೀಟಿ ಮೇಲೆ ಲೆಕ್ಕ ಬರೆದು ರೈತನಿಂದಲೇ ಮುರಿದುಕೊಂಡರೆ ಅದು ಯಾವ ಪುಸ್ತಕದಲ್ಲಿ ಕಾಣುತ್ತದೆ, ಯಾವುದರಲ್ಲಿ ಕಾಣುವುದಿಲ್ಲ? ಈ ಎರಡು ಪ್ರಶ್ನೆ ಕೇಳಿ ನೋಡಿ. ತರಗತಿಯಲ್ಲಿ ಅರ್ಧ ಮಕ್ಕಳು ರೈತರ ಮನೆಯವರು. ಅವರು ಎದ್ದು ಕೂತು ಉತ್ತರ ಹುಡುಕುತ್ತಾರೆ. ಸಂಜೆ ಮನೆಗೆ ಹೋಗಿ ಅಪ್ಪನ ಪಟ್ಟಿ ತೆಗೆದು ಓದುತ್ತಾರೆ.

ನನ್ನ ಬೇಡಿಕೆ ಇದೇ. ನಮ್ಮ ಪಾಠಗಳನ್ನು ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಪಾಠಗಳು ಸರಿಯಾಗಿವೆ. ಅವು ನಮ್ಮ ಸುತ್ತಲೇ ನಡೆಯುತ್ತಿವೆ ಅಂತ ಮಕ್ಕಳಿಗೆ ತೋರಿಸುವುದನ್ನು ಪಠ್ಯಕ್ರಮದಲ್ಲೇ ಬರೆದು, ಅದಕ್ಕೆ ಗಂಟೆ ಕೊಡಿ, ಅಂಕ ಕೊಡಿ.

ನಮ್ಮ ಮೂರು ಜಿಲ್ಲೆಗಳಷ್ಟು ಉದಾಹರಣೆ ಎಲ್ಲಿ ಸಿಗುತ್ತದೆ ಹೇಳಿ. ರಾಯಲ್ಟಿ ಅಕೌಂಟ್ಸ್, ಅಂದರೆ ಗಣಿಯಿಂದ ತೆಗೆದ ಮಾಲಿಗೆ ಅದರ ಒಡೆಯರಿಗೆ ಕಟ್ಟುವ ಹಣದ ಪಾಠ, ನಾನು ಓದಿದ್ದು ಕಲ್ಲಿದ್ದಲು ಗಣಿಯ ಲೆಕ್ಕದಲ್ಲಿ. ಸಂಡೂರಿನ ಹುಡುಗರು ನನ್ನ ಜೊತೆ ಎಂ.ಕಾಂ.ನಲ್ಲಿದ್ದರು. ಅವರ ಮನೆ ಮುಂದೆಯೇ ಅದಿರಿನ ಲಾರಿ ಓಡುತ್ತಿದ್ದವು. ಅವರೂ ಕಲ್ಲಿದ್ದಲಿನ ಲೆಕ್ಕವನ್ನೇ ಬಿಡಿಸಿದರು. ಕಬ್ಬಿಣದ ಅದಿರಿಗೆ ರಾಯಲ್ಟಿ ಸರಾಸರಿ ಮಾರಾಟ ಬೆಲೆಯ ಶೇ. 15. ಬೆಲೆ ಟನ್ನಿಗೆ 3,000 ರೂಪಾಯಿ ಅಂತ ಇಟ್ಟುಕೊಂಡರೆ ರಾಯಲ್ಟಿ 450. 2015ರ ಜನವರಿಗೆ ಮುಂಚಿನ ಗುತ್ತಿಗೆಯಾದರೆ ರಾಯಲ್ಟಿಯ ಜೊತೆಗೆ ಅದರ ಶೇ. 30, ಅಂದರೆ 135 ರೂಪಾಯಿ, ಗಣಿಯಿಂದ ತೊಂದರೆಗೊಳಗಾದ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗಬೇಕು. ಹರಾಜಿನಲ್ಲಿ ಪಡೆದ ಗಣಿಯಾದರೆ ಶೇ. 10, ಅಂದರೆ 45 ರೂಪಾಯಿ. ಪುಸ್ತಕದ ಮಿನಿಮಮ್ ರೆಂಟಿಗೆ ಹೋಲುವ, ಅದಿರು ತೆಗೆಯದಿದ್ದರೂ ಕಟ್ಟಬೇಕಾದ ಡೆಡ್ ರೆಂಟ್ ಗಣಿ ಕಾಯ್ದೆಯಲ್ಲೂ ಇದೆ. ಡೆಡ್ ರೆಂಟ್, ರಾಯಲ್ಟಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು. ಇಷ್ಟನ್ನು ಹೇಳಿ ಲೆಕ್ಕ ಕೊಟ್ಟರೆ ಸಂಡೂರಿನ ಹುಡುಗನಿಗೆ ಪಾಠದ ಜೊತೆಗೆ ತನ್ನ ಊರಿನ ಶಾಲೆಗೆ, ಆಸ್ಪತ್ರೆಗೆ ಬರಬೇಕಾದ ದುಡ್ಡಿನ ದಾರಿಯೂ ಗೊತ್ತಾಗುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬನ್ನಿ. ಪ್ರೋಸೆಸ್ ಕಾಸ್ಟಿಂಗ್, ಅಂದರೆ ತಯಾರಿಯ ಹಂತ ಹಂತದ ಖರ್ಚು ಹಿಡಿಯುವ ಲೆಕ್ಕ, ಕಲಿಸಲು ಅಕ್ಕಿ ಗಿರಣಿಗಿಂತ ಒಳ್ಳೆ ಜಾಗ ಬೇಕಾ? 75 ಕೆ.ಜಿ. ಚೀಲದ ಲೆಕ್ಕದಲ್ಲಿ ಭತ್ತ ಒಳಗೆ ಹೋಗುತ್ತದೆ. ಅಕ್ಕಿ, ನುಚ್ಚು, ತೌಡು, ಹೊಟ್ಟು ಹೊರಗೆ ಬರುತ್ತವೆ. ಸರ್ಕಾರ ತಾನು ಕೊಂಡ ಭತ್ತವನ್ನು ಗಿರಣಿಗೆ ಕೊಟ್ಟಾಗ 100 ಕೆ.ಜಿ. ಭತ್ತಕ್ಕೆ 67 ಕೆ.ಜಿ. ಬೆಳ್ತಕ್ಕಿ ವಾಪಸ್ ಕೇಳುತ್ತದೆ. ತೌಡಿನ ರೊಕ್ಕವನ್ನು ಅಕ್ಕಿಯ ಖರ್ಚಿನಿಂದ ಕಳೆಯಬೇಕಾ, ಬೇರೆ ಆದಾಯ ಅಂತ ತೋರಿಸಬೇಕಾ? ಉಪ ಉತ್ಪನ್ನದ ಪಾಠ ಇದೇ ತಾನೇ. ಇನ್ನು ಅಕ್ಕಿ ಚೀಲದ ತೂಕ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಪ್ಯಾಕೆಟ್ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಅದರ ನಂತರ 26 ಕೆ.ಜಿ. ಚೀಲಗಳು ಪೇಟೆಗೆ ಬಂದವು. ಒಂದು ಕೆ.ಜಿ. ಯಾಕೆ ಜಾಸ್ತಿ ಆಯಿತು ಅಂತ ನಮ್ಮ ಮಕ್ಕಳ ಅಮ್ಮಂದಿರು ಅಂಗಡಿಯಲ್ಲಿ ಕೇಳಿದ್ದಾರೆ. ಉತ್ತರ ಕೊಡಬೇಕಾದವರು ಬಿ.ಕಾಂ. ಓದುವ ಮಕ್ಕಳು.

ನಮ್ಮ ರಾಯಚೂರಿನ ಹತ್ತಿಯನ್ನು ನಾನು ಬಿಡಲಾರೆ. ಸಾಮಾನ್ಯವಾಗಿ ಮಾಲು ಮಾರಿದವನು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾನೆ. ಹತ್ತಿಯಲ್ಲಿ ಅದು ತಿರುಗುತ್ತದೆ. ರೈತನಿಂದ ಕಚ್ಚಾ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕು. 2017ರ ನವೆಂಬರಿನಿಂದ ಈ ನಿಯಮ ಇದೆ. ಉದಾಹರಣೆಗೆ 10 ಕ್ವಿಂಟಾಲ್ ಹತ್ತಿ, ಕ್ವಿಂಟಾಲಿಗೆ 7,000. ರೈತನಿಗೆ 70,000 ಪೂರ್ತಿ ಸಲ್ಲುತ್ತದೆ. ಶೇ. 5ರ ಲೆಕ್ಕದಲ್ಲಿ 3,500 ರೂಪಾಯಿಯನ್ನು ಮಿಲ್ಲಿನವರು ನಗದಾಗಿ ಕಟ್ಟಬೇಕು. ತಮ್ಮ ಖಾತೆಯಲ್ಲಿರುವ ಕ್ರೆಡಿಟ್ಟಿನಿಂದ, ಅಂದರೆ ಖರೀದಿಗಳ ಮೇಲೆ ಮೊದಲೇ ಕೊಟ್ಟ ತೆರಿಗೆಯಿಂದ, ಕಳೆಯುವಂತಿಲ್ಲ. ಕಟ್ಟಿದ ಮೇಲೆ ಅದೇ 3,500ನ್ನು ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು. ನನ್ನ ಆಫೀಸಿಗೆ ಬಂದ ಹೊಸಬರು ಮೊದಲು ಎಡವುವುದು ಇಲ್ಲೇ. ಮುಂದೆ ಆ ಹತ್ತಿ ಜಿನ್ನಿಂಗ್ ಆದರೆ ಮೂರರಲ್ಲಿ ಒಂದು ಪಾಲಿನಷ್ಟು ಅರಳೆ, ಉಳಿದದ್ದರಲ್ಲಿ ಹೆಚ್ಚಿನದು ಹತ್ತಿಕಾಳು. ಅರಳೆ 170 ಕೆ.ಜಿ.ಯ ಬೇಲ್ ಆಗುತ್ತದೆ, ಕಾಳು ಗಾಣಕ್ಕೆ ಹೋಗಿ ಎಣ್ಣೆ, ಹಿಂಡಿ ಆಗುತ್ತದೆ. ಒಂದೇ ಖರೀದಿಯ ಬೆಲೆಯನ್ನು ಇಷ್ಟು ಮಾಲಿಗೆ ಹೇಗೆ ಹಂಚುತ್ತೀರಿ? ಈ ಒಂದು ಪ್ರಶ್ನೆಯ ಮೇಲೆ ಒಂದು ವಾರ ಪಾಠ ನಡೆಸಬಹುದು. ಬಳ್ಳಾರಿಯ ಜೀನ್ಸ್‌ನಲ್ಲೂ ಹಾಗೆಯೇ. ಕಟಿಂಗ್ ಒಬ್ಬರದ್ದು, ಹೊಲಿಗೆ ಇನ್ನೊಬ್ಬರದ್ದು, ವಾಷಿಂಗ್ ಮತ್ತೊಬ್ಬರದ್ದು, ಪೀಸಿಗೆ ಇಷ್ಟು ಅಂತ ಕೂಲಿ. ಜಾಬ್ ವರ್ಕಿನ, ಅಂದರೆ ಬೇರೆಯವರ ಮಾಲಿಗೆ ಕೂಲಿ ಮೇಲೆ ಮಾಡುವ ಕೆಲಸದ, ಲೆಕ್ಕ ಓದಲು ಬೇರೆ ಊರಿಗೆ ಹೋಗಬೇಕಿಲ್ಲ.

ಕಂಪನಿ ಲೆಕ್ಕಕ್ಕೆ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅದು ಸರ್ಕಾರಿ ಕಂಪನಿ. ಸರ್ಕಾರಿ ಕಂಪನಿಗೆ ಆಡಿಟರನ್ನು ನೇಮಿಸುವವರು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ. ವಾರ್ಷಿಕ ವರದಿಯನ್ನು ವಿಧಾನಮಂಡಲದ ಮುಂದೆ ಇಡಲೇಬೇಕು. ಗುಟ್ಟಿನ ಪುಸ್ತಕ ಅಲ್ಲ ಅದು, ಎಲ್ಲರದ್ದು. ಎಕ್ಸ್ ವೈ ಲಿಮಿಟೆಡ್ ಅನ್ನುವ ಇಲ್ಲದ ಕಂಪನಿಯ ಬದಲು ಅದರ ಬ್ಯಾಲೆನ್ಸ್ ಶೀಟನ್ನು ಒಂದು ಸೆಮಿಸ್ಟರು ಮಕ್ಕಳ ಮುಂದೆ ಇಡಿ.

ನೀವು ಏನು ಹೇಳಬಹುದು ಅಂತ ನನಗೆ ಗೊತ್ತು. ಯಾವ ಅಂಗಡಿಯವರು ತಮ್ಮ ಪುಸ್ತಕ ಹುಡುಗರಿಗೆ ತೋರಿಸುತ್ತಾರೆ ಅಂತ ಕೇಳಬಹುದು. ನಿಜ, ನಡೆಯುತ್ತಿರುವ ಲೆಕ್ಕ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಹಳೆಯದನ್ನು ಕೊಡುತ್ತಾರೆ, ಹೆಸರು ಅಳಿಸಿ ಕೊಡುತ್ತಾರೆ. ನಾನು ಕೇಳಿ ನೋಡಿದ್ದೇನೆ. ಅದೂ ಬೇಡ ಅಂದರೆ ಪ್ರತಿ ಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿವೆ. ಅವರ ಹತ್ತಿರ ಠರಾವು ಪುಸ್ತಕ, ಉಳಿತಾಯ ಖಾತೆ, ಸಾಲದ ಖಾತೆ, ನಗದು ಪುಸ್ತಕ ಎಲ್ಲ ಇರುತ್ತವೆ. ಎಷ್ಟೋ ಕಡೆ ಬರೆಯುವವರಿಲ್ಲದೆ ಬೇರೆಯವರಿಗೆ ರೊಕ್ಕ ಕೊಟ್ಟು ಬರೆಸುತ್ತಾರೆ. ನಮ್ಮ ವಿದ್ಯಾರ್ಥಿಗಳ ತಾಯಂದಿರೇ ಆ ಸಂಘದಲ್ಲಿರುತ್ತಾರೆ. ಒಂದು ವರ್ಷದ ಲೆಕ್ಕ ಬರೆದು, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಮಾಡಿ, ಸಂಘದ ಸಭೆಯಲ್ಲಿ ಓದಿ ಹೇಳಲಿ. ಅದಕ್ಕಿಂತ ದೊಡ್ಡ ವೈವಾ ಯಾವುದಿದೆ? ಊರಿನ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟವರು ಯಾವ ಇಂಟರ್‌ವ್ಯೂಗೂ ಹೆದರುವುದಿಲ್ಲ.

ಸಿಎ ಓದುವವರಿಗೆ ಆರ್ಟಿಕಲ್‌ಶಿಪ್, ಅಂದರೆ ಸಿಎ ಆದವರ ಕೈಕೆಳಗೆ ಕೆಲಸ ಕಲಿಯುವ ಅವಧಿ, ಇದೆ. ಮೊದಲು ಮೂರು ವರ್ಷ ಇತ್ತು, 2023ರಿಂದ ಹೊಸ ಪದ್ಧತಿಯಲ್ಲಿ ಎರಡು ವರ್ಷ. ಅಲ್ಲಿ ನಿಜವಾದ ಪುಸ್ತಕ ಮುಟ್ಟದೆ ಯಾರೂ ಲೆಕ್ಕಿಗರಾಗುವುದಿಲ್ಲ. ಹಾಗಾದರೆ ಸರ್ಕಾರಿ ಕಾಲೇಜಿನ ಬಡ ಮಕ್ಕಳು ಮಾತ್ರ ಬೋರ್ಡಿನ ಮೇಲಿನ ಅಂಕಿಯಲ್ಲೇ ಯಾಕೆ ಮುಗಿಸಬೇಕು? ಕೋಚಿಂಗಿಗೆ ಬೆಂಗಳೂರಿಗೆ, ಹೈದರಾಬಾದಿಗೆ ಹೋಗಲು ರೊಕ್ಕ ಇದ್ದವರಿಗೆ ದಾರಿ ಇದೆ. ಇಲ್ಲದವರಿಗೆ ನಮ್ಮ ವಿಶ್ವವಿದ್ಯಾಲಯವೇ ದಾರಿ. ನನಗೆ ಇದು ಬಹಳ ನೋವಿನ ಮಾತು, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಮಾತನ್ನು ಬೇಗ ಮುಗಿಸುತ್ತೇನೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯನ್ನು ಬಟನ್ ಒತ್ತುವ ವಿದ್ಯೆಯಾಗಿ ಕಲಿಸಬೇಡಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಅನ್ನುವ ಗುರುತು ಉಳಿಯಲೇಬೇಕು. ಅದು ಯಾಕೆ ಬೇಕು ಅಂತ ತಿಳಿದವರಿಗೆ ಬಟನ್ ತಾನಾಗಿ ಬರುತ್ತದೆ.

ಕನ್ನಡದ ಮಾತು ಮಾತ್ರ ಬೇಗ ಮುಗಿಯುವಂಥದ್ದಲ್ಲ. ನಾನು ಓದುವಾಗ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಿತ್ತು. ಆದರೆ ಕನ್ನಡದಲ್ಲಿ ಓದಲು ಸರಿಯಾದ ಪುಸ್ತಕ ಇರಲಿಲ್ಲ. ಡೆಪ್ರಿಸಿಯೇಶನ್ ಅಂದಾಗ ನಾವು ಕಣ್ಣು ಬಿಡುತ್ತಿದ್ದೆವು. ಸವಕಳಿ ಅಂದಿದ್ದರೆ? ಎತ್ತಿನ ಕೊರಳಿನ ನೊಗ ಸವೆಯುತ್ತದೆ, ಟ್ರ್ಯಾಕ್ಟರ್ ಟೈರು ಸವೆಯುತ್ತದೆ, ವರ್ಷ ವರ್ಷ ಅದರ ಬೆಲೆ ಇಳಿಯುತ್ತದೆ ಅಂತ ಯಾವ ಮಗುವಿಗೆ ಗೊತ್ತಿಲ್ಲ? ಕಿರ್ದಿ, ಖಾತೆ, ಉದ್ರಿ, ಜಮಾ, ಬಾಕಿ, ಶಿಲ್ಕು, ಅಢಾವೆ. ಇವು ನಮ್ಮ ಪೇಟೆಯ ಪದಗಳು, ಇವತ್ತಿಗೂ ಓಡುತ್ತಿವೆ. ಕನ್ನಡ ನಾಡಿನಲ್ಲಿ ಲೆಕ್ಕ ಬರೆಯುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಹಿಂದೆ ಬಟ್ಟೆಗೆ ಹುಣಸೆ ಬೀಜದ ಗಂಜಿ ಮತ್ತು ಇದ್ದಿಲು ಹಚ್ಚಿ, ಮಡಿಕೆ ಮಾಡಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಇವತ್ತು ನಿಮ್ಮ ಆಫೀಸಿನ ಫೈಲಿಗೂ ಅದೇ ಹೆಸರು.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ರಿಟರ್ನ್ ಹಾಕುವ ಪೋರ್ಟಲ್ಲು, ಕಂಪನಿ ಕಾಯ್ದೆ, ಎಲ್ಲ ಇಂಗ್ಲಿಷಿನಲ್ಲೇ ಇವೆ. ಆ ಪದ ಬರಲೇಬೇಕು. ಆದರೆ ಪದದ ಪಕ್ಕ ಪದ ಇಡಿ. ಮೂರೂ ವಿಶ್ವವಿದ್ಯಾಲಯದವರು ಸೇರಿ ಒಂದು ಪದಪಟ್ಟಿ ಮಾಡಿ, ಪ್ರತಿ ಪದಕ್ಕೂ ನಮ್ಮ ಪೇಟೆಯ ಒಂದು ಉದಾಹರಣೆ ಬರೆದು, ಮೊದಲ ಸೆಮಿಸ್ಟರಿನ ಮಕ್ಕಳ ಕೈಗೆ ಕೊಡಿ. ಪ್ರಶ್ನೆಪತ್ರಿಕೆಯನ್ನು ಎರಡೂ ಭಾಷೆಯಲ್ಲಿ ಕೊಡಿ.

ಪಠ್ಯಕ್ರಮ ಮತ್ತೆ ಮತ್ತೆ ಬದಲಾಗಿ ಮೇಷ್ಟ್ರುಗಳೂ ಸುಸ್ತಾಗಿದ್ದಾರೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಅಕ್ಕನ ನೋಟ್ಸು ತಂಗಿಗೆ ಬಾರದ ಕಾಲ ಇದು. ಈಗ ಆದಾಯ ತೆರಿಗೆಗೂ 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ. ನನಗೂ ಹೀಗೇ ಆಗಿತ್ತು. ಎಂ.ಕಾಂ.ಗೆ ವ್ಯಾಟ್ ಓದಿ ಹೊರಗೆ ಬಂದೆ, ಮರುವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಓದಿದ್ದು ಹೋಯಿತು, ಆದರೆ ಅಪ್ಪನ ಜೊತೆ ಕೂತು ಪಟ್ಟಿ ತಾಳೆ ನೋಡಿದ ಅಭ್ಯಾಸ ಹೋಗಲಿಲ್ಲ. ಅದನ್ನು ಹಿಡಿದೇ ಹೊಸದನ್ನು ಕಲಿತೆ.

ಒಂದು ವಿನಂತಿ. ಈ ಕೆಲಸವನ್ನು ಅತಿಥಿ ಉಪನ್ಯಾಸಕರ ತಲೆ ಮೇಲೆ ಪುಕ್ಕಟೆಯಾಗಿ ಹೇರಬೇಡಿ. ನನಗೆ ಕಾಸ್ಟಿಂಗ್ ಕಲಿಸಿದ ಸರ್ ಅತಿಥಿ ಉಪನ್ಯಾಸಕರೇ. ತರಗತಿ ಮುಗಿದ ಮೇಲೂ ಕೂತು ಹೇಳಿಕೊಡುತ್ತಿದ್ದರು. ಅವರಿಗೆ ವರ್ಷದಲ್ಲಿ ಕೆಲವು ತಿಂಗಳು ಸಂಬಳವೇ ಇರುತ್ತಿರಲಿಲ್ಲ. ಮಕ್ಕಳನ್ನು ಗಂಜಿಗೆ, ಗಿರಣಿಗೆ ಕರೆದುಕೊಂಡು ಹೋಗುವ ಗಂಟೆಗಳನ್ನು ಅವರ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಿರಿ, ಬಸ್ ಖರ್ಚು ಕೊಡಿ.

ಅಪ್ಪ ಕೆಲಸ ಮಾಡಿದ ಅಂಗಡಿಯ ಸಾಹುಕಾರರು ತಮ್ಮ ಹಳೆಯ ಕಿರ್ದಿಗಳನ್ನು ಕೊಡಲು ಒಪ್ಪಿದ್ದಾರೆ. ದೀಪಾವಳಿಗೆ ಪೂಜೆ ಮಾಡಿ ತೆರೆದ, ಅರಿಶಿನದ ಗುರುತು ಇನ್ನೂ ಇರುವ ಪುಸ್ತಕಗಳು. ಆರು ವರ್ಷದ ಲೆಕ್ಕ ಇದೆ. ರೈತರ ಹೆಸರುಗಳನ್ನು ಮುಚ್ಚಿ ನಾನು ಮತ್ತು ದೇವದುರ್ಗದ ಆ ಹುಡುಗಿ ಸೇರಿ ಈಗಾಗಲೇ ಎರಡು ವರ್ಷದ್ದನ್ನು ಜೆರಾಕ್ಸ್ ಮಾಡಿ ಇಟ್ಟಿದ್ದೇವೆ. ಒಂದು ತಿಂಗಳ ಕಿರ್ದಿಯಿಂದ ಖಾತೆಗೆ ಎತ್ತಿ, ತಾಳೆ ನೋಡುವ ಅಭ್ಯಾಸವನ್ನೂ ಬರೆದಿದ್ದೇವೆ. ನಿಮ್ಮ ಮುಂದಿನ ಸಭೆ ಯಾವಾಗ ಅಂತ ತಿಳಿಸಿದರೆ ಸಾಕು. ನಾವೇ ತಂದು ಕೊಡುತ್ತೇವೆ. ತರಗತಿಗೆ ಬನ್ನಿ ಅಂದರೆ ಬರುತ್ತೇವೆ. ತಿಂಗಳ 11 ಮತ್ತು 20ನೇ ತಾರೀಕು ಮಾತ್ರ ರಿಟರ್ನಿನ ಗಡುವು ಇರುತ್ತದೆ, ಆ ಎರಡು ದಿನ ಬಿಟ್ಟು.

ಇತಿ,
ನಿಮ್ಮ ಹಳೆಯ ವಿದ್ಯಾರ್ಥಿನಿ,
ರಾಯಚೂರು